ಇಸಿಜಿಯ ಗೆರೆ ಮೇಲೆದ್ದಾಗ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಸಂಘಗಳೂ ಸಮಾಜ ಸಂಘಟನೆಗಳೂ ರಜಾದಿನಗಳಲ್ಲಿ ಏರ್ಪಡಿಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವ ಮೇಜುಗಳ ಆಚೆ ಪರದೆ ಕಟ್ಟಿದ ಒಂದು ಮೂಲೆ ಇರುತ್ತದೆ. ಅಲ್ಲಿ ಮಂಚದ ಮೇಲೆ ಮಲಗಿಸಿ, ಕೈಕಾಲುಗಳಿಗೆ ಕ್ಲಿಪ್ಪು ಸಿಕ್ಕಿಸಿ, ಎದೆಗೆ ಜೆಲ್ ಸವರಿ, ರಬ್ಬರ್ ಬಲ್ಬುಗಳನ್ನು ಅಂಟಿಸಿ ಇಸಿಜಿ ತೆಗೆಯುತ್ತಾರೆ. ಐದು ನಿಮಿಷದ ಕೆಲಸ. ಯಂತ್ರದಿಂದ ಹೊರಬರುವ ಚೌಕಳಿ ಕಾಗದದ ಮೇಲ್ತುದಿಯಲ್ಲಿ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಅಚ್ಚಾಗಿರುತ್ತವೆ. ಅದರಲ್ಲಿ ‘ಎಸ್‌ಟಿ ಎಲಿವೇಶನ್’ ಎಂದು ಕಂಡರೆ ಸಾಕು, ಮನೆಮಂದಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ.

ಈ ಮಾತು ಯಾರ ಕಾಗದದಲ್ಲಿ ಬಂದಿದೆ ಎಂಬುದರ ಮೇಲೆ ಅದರ ಅರ್ಥವೇ ಬದಲಾಗುತ್ತದೆ. ಐರೋಲಿಯ ಐಟಿ ಕಂಪನಿಯಲ್ಲಿ ದುಡಿಯುವ, ದಿನಾ ಜಿಮ್‌ಗೆ ಹೋಗುವ, ಯಾವ ತೊಂದರೆಯೂ ಇಲ್ಲದ ಇಪ್ಪತ್ತಾರರ ಯುವಕನ ಇಸಿಜಿಯಲ್ಲಿ ಗೆರೆ ಎರಡು ಮಿಲಿಮೀಟರು ಮೇಲೆದ್ದಿದ್ದರೆ ಅದು ಬಹುಮಟ್ಟಿಗೆ ಆರೋಗ್ಯವಂತ ಹೃದಯದ ಸಹಜ ಲಕ್ಷಣ. ಕಲ್ಯಾಣದ ಹೋಟೆಲೊಂದರ ಗಲ್ಲಾದಲ್ಲಿ ಬೆಳಗಿನ ಜಾವದಿಂದ ಕೂತು, ಎದೆ ಹಿಂಡಿದಂತಾಗಿ, ಅಂಗಿ ತೊಯ್ಯುವಷ್ಟು ಬೆವರಿ ಬಂದ ಐವತ್ನಾಲ್ಕರ ಮ್ಯಾನೇಜರರ ಇಸಿಜಿಯಲ್ಲಿ ಅಷ್ಟೇ ಏರಿಕೆ ಕಂಡರೆ ಹೃದಯದ ರಕ್ತನಾಳವೊಂದು ಪೂರ್ತಿ ಕಟ್ಟಿಕೊಂಡಿದೆ ಎಂದೇ ಹಿಡಿದು ಓಡಬೇಕು. ಗೆರೆಯ ಎತ್ತರ ಒಂದೇ ಆದರೂ ಒಬ್ಬರನ್ನು ಸಮಾಧಾನ ಹೇಳಿ ಮನೆಗೆ ಕಳಿಸಬೇಕು, ಇನ್ನೊಬ್ಬರನ್ನು ಆ ಕ್ಷಣವೇ ಆಸ್ಪತ್ರೆಗೆ ಸೇರಿಸಬೇಕು. ಈ ಭೇದವನ್ನು ಯಂತ್ರದ ಅಚ್ಚುಸಾಲು ಹೇಳಲಾರದು.

ಹೃದಯದ ವಿದ್ಯುತ್ತನ್ನು ಕಾಗದಕ್ಕೆ ಇಳಿಸಿದವರು ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ವಿಲ್ಲೆಮ್ ಐಂತೋವೆನ್. 20ನೇ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಯಂತ್ರಕ್ಕೆ ಒಂದು ಕೋಣೆಯೇ ಬೇಕಿತ್ತು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರೂ ಅವರೇ. 1924ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೆ ನಾಲ್ಕು ವರ್ಷ ಮೊದಲೇ, 1920ರಲ್ಲಿ, ನ್ಯೂಯಾರ್ಕಿನ ವೈದ್ಯ ಹೆರಾಲ್ಡ್ ಪಾರ್ಡಿ ಹೃದಯಾಘಾತಕ್ಕೆ ಒಳಗಾದವರ ಇಸಿಜಿಯಲ್ಲಿ ಎಸ್ ಮತ್ತು ಟಿ ನಡುವಿನ ಗೆರೆ ತನ್ನ ಜಾಗ ಬಿಟ್ಟು ಮೇಲೇರುತ್ತದೆ ಎಂದು ವರದಿ ಮಾಡಿದ್ದರು.

ಆ ಗೆರೆ ಏಕೆ ಏರುತ್ತದೆ? ಹೃದಯದ ಕೆಳಕೋಣೆಗಳ ಸ್ನಾಯುವೆಲ್ಲ ವಿದ್ಯುತ್ತಿನಿಂದ ಚುರುಕಾದಾಗ ಮೊನಚಾದ ಕ್ಯೂಆರ್‌ಎಸ್ ಅಲೆ ಮೂಡುತ್ತದೆ. ಸ್ನಾಯು ಮತ್ತೆ ವಿಶ್ರಾಂತಿಗೆ ಮರಳುವಾಗ ಗುಂಡನೆಯ ಟಿ ಅಲೆ ಬರುತ್ತದೆ. ಇವೆರಡರ ನಡುವಿನ ಕ್ಷಣದಲ್ಲಿ ಜೀವಕೋಶಗಳೆಲ್ಲ ಒಂದೇ ವಿದ್ಯುತ್ ಮಟ್ಟದಲ್ಲಿ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಹರಿಯುವುದು ಏನೂ ಇರುವುದಿಲ್ಲ, ಆದ್ದರಿಂದ ಗೆರೆ ಸಮತಟ್ಟು. ಅದೇ ಎಸ್‌ಟಿ ಭಾಗ. ಒಂದು ರಕ್ತನಾಳ ಮುಚ್ಚಿಹೋದಾಗ ಅದನ್ನು ನಂಬಿದ್ದ ಸ್ನಾಯುವಿನ ಕೋಶಗಳು ಆಮ್ಲಜನಕವಿಲ್ಲದೆ ಸೊರಗಿ, ಪೊಟ್ಯಾಸಿಯಂ ಸೋರಿಸಿಕೊಂಡು, ಪಕ್ಕದ ಆರೋಗ್ಯವಂತ ಕೋಶಗಳಿಗಿಂತ ಬೇರೆ ಮಟ್ಟಕ್ಕೆ ಬೀಳುತ್ತವೆ. ಮಟ್ಟದಲ್ಲಿ ವ್ಯತ್ಯಾಸ ಬಂದೊಡನೆ ನಡುವೆ ವಿದ್ಯುತ್ತು ಹರಿಯತೊಡಗುತ್ತದೆ. ಆ ಭಾಗದ ಎದುರು ಇಟ್ಟ, ಎಂದರೆ ಹೃದಯವನ್ನು ಆ ದಿಕ್ಕಿನಿಂದ ನೋಡುವ, ಲೀಡ್‌ನಲ್ಲಿ ಗೆರೆ ಮೇಲೇಳುತ್ತದೆ.

ಕಾಗದವನ್ನು ಹತ್ತಿರದಿಂದ ನೋಡಿದರೆ ಲೆಕ್ಕ ಸರಳ. ಒಂದು ಸಣ್ಣ ಚೌಕ 1 ಮಿಲಿಮೀಟರ್. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುವುದರಿಂದ ಅಡ್ಡಕ್ಕೆ ಒಂದು ಚೌಕವೆಂದರೆ 0.04 ಸೆಕೆಂಡು, ಉದ್ದಕ್ಕೆ 0.1 ಮಿಲಿವೋಲ್ಟ್. ಕ್ಯೂಆರ್‌ಎಸ್ ಮುಗಿದು ಎಸ್‌ಟಿ ಶುರುವಾಗುವ ಬಿಂದುವಿಗೆ ‘ಜೆ ಬಿಂದು’ ಎನ್ನುತ್ತಾರೆ. ಏರಿಕೆಯನ್ನು ಅಳೆಯುವುದು ಅಲ್ಲಿ. 2018ರ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ 1 ಮಿಲಿಮೀಟರ್ ಏರಿಕೆ ಇದ್ದರೆ ಹೃದಯಾಘಾತದ ಶಂಕೆ. ಎದೆಯ ಮೇಲಿನ ವಿ2, ವಿ3 ಲೀಡ್‌ಗಳಿಗೆ ಮಾತ್ರ ಬೇರೆ ಅಳತೆ: ನಲವತ್ತು ದಾಟಿದ ಗಂಡಸರಲ್ಲಿ 2, ನಲವತ್ತರೊಳಗಿನವರಲ್ಲಿ 2.5, ಹೆಂಗಸರಲ್ಲಿ 1.5 ಮಿಲಿಮೀಟರ್. ಗಂಡಸರಿಗೆ ಮಿತಿ ಹೆಚ್ಚಿಟ್ಟಿರುವುದಕ್ಕೆ ಕಾರಣವಿದೆ. ಅಮೆರಿಕದ ವಾಯುಪಡೆಯ 6,014 ಆರೋಗ್ಯವಂತ ಗಂಡಸರ ಇಸಿಜಿ ನೋಡಿದಾಗ ನೂರಕ್ಕೆ 91 ಮಂದಿಯಲ್ಲಿ ಎದೆಯ ಯಾವುದಾದರೂ ಒಂದು ಲೀಡ್‌ನಲ್ಲಿ 1ರಿಂದ 3 ಮಿಲಿಮೀಟರ್ ಏರಿಕೆ ಇತ್ತು. ಹಾಗಾಗಿ ಶಿಬಿರದ ಕಾಗದ ಹಿಡಿದು ಹೆದರುವ ಯುವಕರಲ್ಲಿ ಹೆಚ್ಚಿನವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ.

ಎತ್ತರವೊಂದನ್ನೇ ನೋಡಿದರೆ ಸಾಲದು ಎಂದ ಮೇಲೆ ನುರಿತ ವೈದ್ಯರು ಮತ್ತೇನು ನೋಡುತ್ತಾರೆ? ಮೊದಲನೆಯದು ಜಾಗ. ಹೃದಯದ ರಕ್ತನಾಳಗಳಿಗೆ ತಮ್ಮ ತಮ್ಮ ಸೀಮೆ ಇದೆ. 2, 3, ಎವಿಎಫ್ ಲೀಡ್‌ಗಳು ಹೃದಯದ ತಳಭಾಗವನ್ನು ನೋಡುತ್ತವೆ. ಅಲ್ಲಿ ಗೆರೆ ಎದ್ದರೆ ಸಾಮಾನ್ಯವಾಗಿ ಬಲ ನಾಳದ ತೊಂದರೆ. ವಿ1ರಿಂದ ವಿ4ರವರೆಗೆ ಎದ್ದರೆ ಮುಂಭಾಗಕ್ಕೆ ರಕ್ತ ಕೊಡುವ ಎಡ ಮುಂನಾಳ. 1, ಎವಿಎಲ್, ವಿ5, ವಿ6 ಆದರೆ ಎಡಪಕ್ಕ. ಎರಡನೆಯದು ಎದುರುಬದಿ. ತಳಭಾಗದ ಲೀಡ್‌ಗಳಲ್ಲಿ ಗೆರೆ ಏರಿದಾಗ ಎವಿಎಲ್‌ನಲ್ಲಿ ಅದು ಕುಸಿದಿದ್ದರೆ ಹೃದಯಾಘಾತದ ಅನುಮಾನ ಗಟ್ಟಿಯಾಗುತ್ತದೆ. ಮೂರನೆಯದು ಆಕಾರ. ಏರಿದ ಗೆರೆ ಮೇಲ್ಮುಖವಾಗಿ ಉಬ್ಬಿ ಟಿ ಅಲೆಯೊಂದಿಗೆ ಒಂದಾಗಿಬಿಟ್ಟಿದ್ದರೆ ಅಪಾಯದ ಸೂಚನೆ ಹೆಚ್ಚು. ಬಟ್ಟಲಿನಂತೆ ಒಳಕ್ಕೆ ಬಾಗಿದ್ದರೆ ಕಡಿಮೆ, ಆದರೆ ಇಲ್ಲವೆನ್ನುವಂತಿಲ್ಲ. ನಾಲ್ಕನೆಯದು ಬದಲಾವಣೆ. ಹೃದಯಾಘಾತದ ಇಸಿಜಿ ಅರ್ಧ ಗಂಟೆಯೊಳಗೇ ರೂಪ ಬದಲಿಸುತ್ತಾ ಹೋಗಬಹುದು. ಸಹಜ ಏರಿಕೆ ಇಂದು ಹೇಗಿದೆಯೋ ಕಳೆದ ವರ್ಷವೂ ಹೆಚ್ಚುಕಡಿಮೆ ಹಾಗೇ ಇದ್ದಿರುತ್ತದೆ.

ಹಳೆಯ ಇಸಿಜಿಗೆ ಇರುವ ಬೆಲೆ ಇದೇ. ನಡುರಾತ್ರಿ ಎದೆನೋವೆಂದು ಬಂದವರ ಕೈಯಲ್ಲಿ ಎರಡು ವರ್ಷದ ಹಿಂದಿನ ಕಾಗದವಿದ್ದರೆ ಡ್ಯೂಟಿ ಡಾಕ್ಟರಿಗೆ ಅರ್ಧ ಉತ್ತರ ಸಿಕ್ಕಂತೆ. ಆದರೆ ಇಸಿಜಿ ಅಚ್ಚಾಗುವುದು ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದದ ಮೇಲೆ. ಬಿಸಿಲಿಗೆ, ಸೆಕೆಗೆ, ಪ್ಲಾಸ್ಟಿಕ್ ಕವರಿನೊಳಗೆ ಅದು ಮಸುಕಾಗಿ ಕೊನೆಗೆ ಏನೂ ಕಾಣದಂತಾಗುತ್ತದೆ. ತೆಗೆಸಿದ ದಿನವೇ ಫೋನಿನಲ್ಲಿ ತಾರೀಕು ಕಾಣುವಂತೆ ಫೋಟೋ ಹಿಡಿದು ಮನೆಯ ಇಬ್ಬರ ಬಳಿ ಇಟ್ಟುಕೊಳ್ಳುವುದು ಒಳ್ಳೆಯದು. ಶಿಬಿರ ನಡೆಸುವವರು ಕಾಗದ ಕೈಗಿಡುವಾಗ ಈ ಮಾತನ್ನೂ ಹೇಳಿ ಕಳಿಸಬೇಕು.

ಹೃದಯಾಘಾತವಲ್ಲದೆ ಗೆರೆಯನ್ನು ಎಬ್ಬಿಸುವ ಕಾರಣಗಳ ಪಟ್ಟಿ ಉದ್ದವಿದೆ. ಹೃದಯದ ಹೊರಪೊರೆಗೆ ಉರಿಯೂತ ಬಂದರೆ ಒಂದು ನಾಳದ ಸೀಮೆಗೆ ಸೀಮಿತವಾಗದೆ ಬಹುತೇಕ ಎಲ್ಲ ಲೀಡ್‌ಗಳಲ್ಲೂ ಗೆರೆ ಏರುತ್ತದೆ, ಪಿ ಅಲೆಯ ನಂತರದ ಪಿಆರ್ ಭಾಗ ಕೆಳಗಿಳಿಯುತ್ತದೆ. ಅಂಥವರಿಗೆ ಮಲಗಿದರೆ ನೋವು ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಸೋಂಕು ಹೃದಯದ ಸ್ನಾಯುವಿಗೇ ತಗಲಿದರೂ ಇಸಿಜಿ ಹೃದಯಾಘಾತದಂತೆಯೇ ತೋರಬಹುದು. ಮಳೆಗಾಲದಲ್ಲಿ ಈ ಊರುಗಳನ್ನು ಕಾಡುವ ಡೆಂಗ್ಯೂ ಜ್ವರವೂ ಅಪರೂಪಕ್ಕೆ ಹಾಗೆ ಮಾಡುತ್ತದೆ. ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿಯಿಂದ ಹೃದಯದ ಗೋಡೆ ದಪ್ಪವಾದವರಲ್ಲಿ, ಎಡ ಕವಲಿನಲ್ಲಿ ವಿದ್ಯುತ್ ತಡೆ ಇರುವವರಲ್ಲಿ, ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ವಿ1ರಿಂದ ವಿ3ರ ಗೆರೆ ಸದಾ ಎದ್ದೇ ಇರುತ್ತದೆ. ಹಿಂದೆ ದೊಡ್ಡ ಹೃದಯಾಘಾತವಾಗಿ ಗೋಡೆಯ ಒಂದು ಭಾಗ ಉಬ್ಬಿಕೊಂಡವರಲ್ಲೂ ಏರಿಕೆ ಇಳಿಯದೆ ಉಳಿಯುತ್ತದೆ. ಡಯಾಲಿಸಿಸ್ ತಪ್ಪಿಸಿಕೊಂಡ ಕಿಡ್ನಿ ರೋಗಿಯ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಗೆರೆಯೂ ಏರಬಹುದು. ಅದು ಬೇರೆಯದೇ ತುರ್ತು, ಚಿಕಿತ್ಸೆಯೂ ಬೇರೆ.

ರಕ್ತನಾಳದಲ್ಲಿ ಹೆಪ್ಪು ಇಲ್ಲದೆಯೂ ನಾಳವೇ ಸೆಳೆತಕ್ಕೆ ಸಿಕ್ಕಿ ಮುಚ್ಚಿಕೊಳ್ಳುವುದನ್ನು 1959ರಲ್ಲಿ ಪ್ರಿಂಜ್‌ಮೆಟಲ್ ಎಂಬ ಅಮೆರಿಕನ್ ವೈದ್ಯರು ವಿವರಿಸಿದರು. ಗಂಡ ತೀರಿಕೊಂಡ ದಿನ, ಮನೆ ಮುರಿದ ದಿನ, ಅಂಥ ಗಾಢ ಆಘಾತದ ಬೆನ್ನಲ್ಲೇ ಮುಖ್ಯವಾಗಿ ಮುಟ್ಟು ನಿಂತ ಹೆಂಗಸರಲ್ಲಿ ಹೃದಯ ಹಠಾತ್ತನೆ ಸೋಲುವ ತಾಕೊತ್ಸುಬೊ ಎಂಬ ಸ್ಥಿತಿಯನ್ನು ಜಪಾನಿನ ವೈದ್ಯರು ಗುರುತಿಸಿದರು. ಅಲ್ಲೂ ಗೆರೆ ಏರುತ್ತದೆ, ಆಂಜಿಯೋಗ್ರಾಂ ಮಾಡಿದರೆ ನಾಳಗಳು ತೆರೆದೇ ಇರುತ್ತವೆ. 1992ರಲ್ಲಿ ಬ್ರುಗಾಡಾ ಸಹೋದರರು ವಿವರಿಸಿದ ಆನುವಂಶಿಕ ದೋಷದಲ್ಲಿ ವಿ1, ವಿ2ರಲ್ಲಿ ಗೆರೆ ಕಮಾನಿನಂತೆ ಏರಿ ಇಳಿಯುತ್ತದೆ, ಜ್ವರ ಬಂದಾಗ ಇನ್ನಷ್ಟು ಎದ್ದು ಕಾಣುತ್ತದೆ. ಅಂಥ ಮನೆತನಗಳಲ್ಲಿ ನಿದ್ದೆಯಲ್ಲೇ ಸಾವು ಬರುವುದುಂಟು. ಇಸಿಜಿ ತೆಗೆಯುವಾಗ ವಿ1, ವಿ2 ಬಲ್ಬುಗಳನ್ನು ನಾಲ್ಕನೆಯ ಪಕ್ಕೆಲುಬಿನ ಸಂದಿ ಬಿಟ್ಟು ಮೇಲೆ ಅಂಟಿಸಿದರೆ ಇಲ್ಲದ ದೋಷವೂ ಇದ್ದಂತೆ ಕಂಡೀತು. ಟೆಕ್ನಿಷಿಯನ್ ಬೆರಳಿನಿಂದ ಎಲುಬು ಎಣಿಸಿ ಬಲ್ಬ್ ಇಡುವುದಕ್ಕೆ ಹೆಚ್ಚು ಹೊತ್ತು ಬೇಡ.

ಇವೆಲ್ಲ ಪಾಂಡಿತ್ಯದ ಮಾತಲ್ಲ. ಹೃದಯಾಘಾತವೆಂದು ತಪ್ಪಾಗಿ ಓದಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಹೊರಪೊರೆಯ ಉರಿಯೂತ ಇರುವವರಲ್ಲಿ, ಮಹಾಧಮನಿಯ ಗೋಡೆ ಸೀಳಿದವರಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರಬಹುದು.

ತಿರುವುಮುರುವಿನ ತಪ್ಪೂ ಉಂಟು. ನಾಳ ಮುಚ್ಚಿದ್ದರೂ ಗೆರೆ ಏಳದೇ ಇರಬಹುದು. ಹೃದಯದ ಹಿಂಭಾಗಕ್ಕೆ ಆಘಾತವಾದಾಗ ಸಾಮಾನ್ಯ ಹನ್ನೆರಡು ಲೀಡ್‌ಗಳಲ್ಲಿ ಏರಿಕೆ ಇರುವುದಿಲ್ಲ, ವಿ1ರಿಂದ ವಿ3ರಲ್ಲಿ ಕುಸಿತ ಮಾತ್ರ ಕಾಣುತ್ತದೆ. ಬೆನ್ನಿಗೆ ವಿ7, ವಿ8, ವಿ9 ಇಟ್ಟರೆ ಸತ್ಯ ಹೊರಬರುತ್ತದೆ. ಮುಂನಾಳ ಮುಚ್ಚಿದ ಕೆಲವರಲ್ಲಿ ಎಸ್‌ಟಿ ಏರುವ ಬದಲು ಜೆ ಬಿಂದುವಿನಲ್ಲಿ ಕುಸಿದು, ಅಲ್ಲಿಂದ ಮೇಲ್ಮುಖವಾಗಿ ಸಾಗಿ, ಟಿ ಅಲೆಗಳು ಎತ್ತರಕ್ಕೆ ಚೂಪಾಗುತ್ತವೆ ಎಂದು 2008ರಲ್ಲಿ ನೆದರ್ಲೆಂಡ್ಸಿನ ಡಿ ವಿಂಟರ್ ತೋರಿಸಿಕೊಟ್ಟರು. ನೋವು ಶುರುವಾದ ಹತ್ತೇ ನಿಮಿಷಕ್ಕೆ ತೆಗೆದ ಇಸಿಜಿ ಪೂರ್ತಿ ನಾರ್ಮಲ್ ಇರುವುದೂ ಉಂಟು. ಆದ್ದರಿಂದಲೇ ನೋವು ನಿಲ್ಲದಿದ್ದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡಬೇಕು. ‘ಇಸಿಜಿ ನಾರ್ಮಲ್, ಬರೀ ಗ್ಯಾಸು’ ಎಂದು ಒಂದೇ ಕಾಗದ ನೋಡಿ ಮನೆಗೆ ಬಂದ ಎಷ್ಟೋ ಮಂದಿ ಮರುದಿನ ಸ್ಟ್ರೆಚರಿನ ಮೇಲೆ ವಾಪಸಾಗಿದ್ದಾರೆ.

ಠಾಣೆ, ಕಲ್ಯಾಣದಂಥ ಈ ಊರುಗಳಲ್ಲಿ ಗೆರೆಯನ್ನು ಓದುವುದಕ್ಕಿಂತ ಮೊದಲೇ ಕಳೆದುಹೋಗುವುದು ಸಮಯ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರ ನೇತೃತ್ವದಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ ನಡೆದ ‘ಕ್ರಿಯೇಟ್’ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ನೋವು ಶುರುವಾದಾಗಿನಿಂದ ಆಸ್ಪತ್ರೆ ಬಾಗಿಲಿಗೆ ಬರಲು ರೋಗಿಗಳು ತೆಗೆದುಕೊಂಡ ಮಧ್ಯಮ ಅವಧಿ 360 ನಿಮಿಷ, ಎಂದರೆ ಆರು ಗಂಟೆ. ಒಳಗೆ ಬಂದ ಮೇಲೆ ಹೆಪ್ಪು ಕರಗಿಸುವ ಔಷಧಿ ಸಿಗಲು ಬೇಕಾದದ್ದು 50 ನಿಮಿಷ ಮಾತ್ರ. ರೋಗಿಗಳಲ್ಲಿ ಹೆಚ್ಚಿನವರು ಕೆಳಮಧ್ಯಮ ವರ್ಗದವರು ಮತ್ತು ಬಡವರು. ಅದೇ ಕಾಲದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಬೇರೆ ದೇಶದವರಿಗೆ 58.8.

ಆ ಆರು ಗಂಟೆ ಎಲ್ಲಿ ಹೋಗುತ್ತದೆ ಎಂಬುದು ಇಲ್ಲಿ ಬಾಳಿದವರಿಗೆ ಗೊತ್ತು. ಎದೆ ಉರಿ ಎಂದು ಮೊದಲು ಸೋಡಾ, ಆಮೇಲೆ ಜೀರಿಗೆ ಕಷಾಯ. ಮಲಗಿದರೆ ಸರಿಹೋದೀತು ಎಂದು ಒಂದು ಗಂಟೆ. ಹೋಟೆಲ್ ಕೆಲಸದ ಹುಡುಗ ಸೇಟರನ್ನು ಎಬ್ಬಿಸಲು ಹಿಂಜರಿದು ಒಂದು ಗಂಟೆ. ಬೆಳಗಾಗಲಿ, ಗುರುತಿನ ಡಾಕ್ಟರು ಬರಲಿ ಎಂದು ಎರಡು ಗಂಟೆ. ಆಮೇಲೆ ‘ದೊಡ್ಡ ಆಸ್ಪತ್ರೆ’ ಎಂದು ನೇರ ಮುಂಬಯಿಗೆ ಹೊರಟರೆ ದಾರಿಯ ಪಾಡು. ಕಲ್ಯಾಣದಿಂದ ಸಿಎಸ್‌ಎಂಟಿಗೆ 54 ಕಿಲೋಮೀಟರು. ಫಾಸ್ಟ್ ಲೋಕಲ್ಲಿಗೂ ಸುಮಾರು ಒಂದು ಗಂಟೆ. ರಸ್ತೆಯಲ್ಲಿ ಹೋದರೆ ಕಲ್ಯಾಣ–ಶೀಲ್ ರಸ್ತೆಯ ಜಾಮು, ಶೀಲ್‌ಫಾಟಾದ ಲಾರಿಗಳ ಸಾಲು. 2024ರಲ್ಲಿ ತೆರೆದ ಮೊಠಾಗಾವ್–ಮಾಣಕೋಲಿ ಸೇತುವೆ ಡೊಂಬಿವಲಿಯಿಂದ ಠಾಣೆಯ ದಾರಿಯನ್ನು ಹತ್ತಿರ ಮಾಡಿದೆ, ನಿಜ. ಆದರೆ ಎದೆನೋವಿನವರನ್ನು ಮೊದಲು ಒಯ್ಯಬೇಕಾದದ್ದು ದೂರದ ಹೆಸರುವಾಸಿ ಆಸ್ಪತ್ರೆಗಲ್ಲ, ಇಸಿಜಿ ತೆಗೆಯುವ ಅತಿ ಹತ್ತಿರದ ಜಾಗಕ್ಕೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಜಗತ್ತಿನೆಲ್ಲೆಡೆ ಒಪ್ಪಿದ ನಿಯಮ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿದ್ದರೆ ಅದೇ ಉತ್ತಮ. ಸಾಧ್ಯವಿಲ್ಲದಿದ್ದರೆ ಅಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಕಳಿಸಬೇಕು.

ಸಣ್ಣ ಆಸ್ಪತ್ರೆಯಲ್ಲಿ ಇಸಿಜಿ ಓದುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿನ ಕನ್ನಡಿಗರಲ್ಲಿ ಅನೇಕರ ತವರಿನಲ್ಲೇ ಇದೆ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ, ಚಿಕ್ಕ ಕ್ಲಿನಿಕ್ಕುಗಳಿಗೆ ಇಸಿಜಿ ಯಂತ್ರಗಳನ್ನು ಕೊಡಿಸಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಕಾಗದದ ಫೋಟೋವನ್ನು ತಜ್ಞರು ಓದಿ ಕೂಡಲೇ ಸಲಹೆ ಕೊಡುವ ಏರ್ಪಾಡು ಮಾಡಿದ್ದಾರೆ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯದೂ ಇದೇ ದಾರಿ: ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಇಂಥ ಜಾಲದಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ತಮಿಳುನಾಡಿನ ಲೆಕ್ಕವಿದೆ. ಅಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡವಕ್ಕೆ ಜೋಡಿಸಿದ ಮೇಲೆ ಒಂದು ವರ್ಷದೊಳಗಿನ ಸಾವು ನೂರಕ್ಕೆ 17.6ರಿಂದ 14.2ಕ್ಕೆ ಇಳಿಯಿತು ಎಂದು 2017ರಲ್ಲಿ ವರದಿಯಾಯಿತು. ಮಹಾರಾಷ್ಟ್ರ ಸರ್ಕಾರವೂ ‘ಸ್ಟೆಮಿ ಮಹಾರಾಷ್ಟ್ರ’ (ಸ್ಟೆಮಿ ಎಂದರೆ ಗೆರೆ ಏರಿದ ಹೃದಯಾಘಾತ) ಎಂಬ ಯೋಜನೆಯನ್ನು ಹಮ್ಮಿಕೊಂಡಿದೆ. ಡೊಂಬಿವಲಿಯ ಶಾಸ್ತ್ರಿನಗರ, ಕಲ್ಯಾಣದ ರುಕ್ಮಿಣಿಬಾಯಿ, ಕಳವಾದ ಛತ್ರಪತಿ ಶಿವಾಜಿ ಮಹಾರಾಜ್, ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆಗಳಿಗೆ ಬಡವರು ಹೋಗುತ್ತಾರೆ. ರಾತ್ರಿ ಎರಡು ಗಂಟೆಗೂ ಅಲ್ಲಿ ತೆಗೆದ ಇಸಿಜಿಯನ್ನು ತಜ್ಞರೊಬ್ಬರು ಹತ್ತು ನಿಮಿಷದಲ್ಲಿ ಓದುವಂತಾಗಬೇಕು ಎಂದು ಈ ಊರುಗಳ ಜನ, ಕನ್ನಡಿಗರೂ ಸೇರಿ, ತಮ್ಮ ನಗರಸೇವಕರನ್ನು ಒತ್ತಾಯಿಸಬೇಕು.

ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ, ಆದರೆ ಮುಖ್ಯ. 1988ರ ‘ಐಸಿಸ್–2’ ಅಧ್ಯಯನದಲ್ಲಿ 17,187 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ ಆಸ್ಪಿರಿನ್ ಒಂದರಿಂದಲೇ ಸಾವು ಸುಮಾರು ನಾಲ್ಕನೇ ಒಂದರಷ್ಟು ತಗ್ಗುತ್ತದೆ ಎಂದು ತೋರಿಸಿತು. ಹೆಪ್ಪು ಕರಗಿಸುವ ಔಷಧಿಯೂ ಸೇರಿದರೆ ನೂರಕ್ಕೆ 42. ಅಲರ್ಜಿ, ಹೊಟ್ಟೆಯ ರಕ್ತಸ್ರಾವ ಇಲ್ಲದವರು ವೈದ್ಯರನ್ನು ಫೋನಿನಲ್ಲಾದರೂ ಕೇಳಿ 300 ಮಿಲಿಗ್ರಾಮಿನ ಆಸ್ಪಿರಿನ್ ಅಗಿದು ನುಂಗಬಹುದು. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ವಿಷಯ ಬೇರೆ. ತಳಭಾಗದ ಹೃದಯಾಘಾತ ಬಲಕೋಣೆಗೂ ಹಬ್ಬಿದ್ದರೆ ಆ ಮಾತ್ರೆಯಿಂದ ಬಿಪಿ ಒಮ್ಮೆಲೇ ಕುಸಿಯಬಹುದು. ಎದೆಯ ಬಲಬದಿಗೆ ಒಂದು ಲೀಡ್ ಇಟ್ಟು ನೋಡದ ಹೊರತು ಅದು ತಿಳಿಯುವುದಿಲ್ಲ. ಪಕ್ಕದ ಮನೆಯವರ ಮಾತ್ರೆಯನ್ನು ಎರವಲು ತಂದು ಬಾಯಿಗಿಡುವುದು ಬೇಡ.

ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವುದಾಗಲಿ, ರೋಗಿಯನ್ನು ರೈಲ್ವೆ ಸೇತುವೆಯ ಮೆಟ್ಟಿಲು ಹತ್ತಿಸುವುದಾಗಲಿ ಮಾಡಬಾರದು. 108ಕ್ಕೆ ಫೋನು ಮಾಡಬೇಕು, ಅದು ತಡವಾದರೆ ಸಿಕ್ಕ ರಿಕ್ಷಾ. ಪ್ರತಿ ಸಂಘವೂ ತನ್ನ ವಾರ್ಡಿನಲ್ಲಿ ರಾತ್ರಿ ಇಸಿಜಿ ತೆಗೆಯುವ ನರ್ಸಿಂಗ್ ಹೋಮ್ ಯಾವುದು, ಇಪ್ಪತ್ನಾಲ್ಕು ಗಂಟೆ ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಯಾವುದು, ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಎಲ್ಲಿ ಸಲ್ಲುತ್ತದೆ ಎಂದು ವಿಚಾರಿಸಿ ಒಂದು ಹಾಳೆಯಲ್ಲಿ ಬರೆದು, ಹೋಟೆಲುಗಳ ಕೆಲಸಗಾರರ ಕೋಣೆಗಳಲ್ಲಿ, ಸೊಸೈಟಿಗಳ ನೋಟೀಸ್ ಬೋರ್ಡುಗಳಲ್ಲಿ ಅಂಟಿಸಬಹುದು. ಇದಕ್ಕೆ ಬೇಕಾದದ್ದು ನಾಲ್ಕು ಜನ ಕಾರ್ಯಕರ್ತರು, ಒಂದು ವಾರ. ಆ ಹಾಳೆಯನ್ನು ಆರು ತಿಂಗಳಿಗೊಮ್ಮೆ ಫೋನು ಮಾಡಿ ತಾಳೆ ನೋಡುವ ಹೊಣೆಯನ್ನೂ ಒಬ್ಬರಿಗೆ ಒಪ್ಪಿಸಬೇಕು.